ಆಮೆಗಳ ಆರೈಕೆಗೆ ಹೋದ ಗೃಹಿಣಿ

ಅರ್ಜಿಯಲ್ಲಿ ಉದ್ಯೋಗ ಎಂದು ಕೇಳಿದ್ದ ಕಡೆ ‘ಗೃಹಿಣಿ’ ಎಂದು ಹಾಕಿಸಿದವಳು ನಾನೇ. ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿ ಕೂತು ಅಕ್ಕನ ಮಗಳು ಫೋನಿನಲ್ಲಿ ಅರ್ಜಿ ತುಂಬುತ್ತಿದ್ದಳು. ಬೆರಳು ಅಲ್ಲೇ ನಿಲ್ಲಿಸಿ ನನ್ನ ಮುಖ ನೋಡಿದಳು.

“ಯಾಕ್ ಚಿಕ್ಕವ್ವ? ನರ್ಸ್ ಅಂತ ಹಾಕುದ್ರೆ ಅವ್ರು ಕಣ್ಮುಚ್ಕೊಂಡು ತಗತಾರೆ.”

“ಅದ್ಕೇ ಬ್ಯಾಡ ಅಂದಿದ್ದು. ಅಲ್ಲೋದ್ಮೇಲೂ ಯಾರ್ಗೂ ಏಳ್ಬೇಡ. ಏಳಿದ್ರೆ ನಾನು ಬರಲ್ಲ.”

ಅವಳು ನಕ್ಕು ಹೂಂ ಎಂದಳು. ತಮಾಷೆ ಅಂದುಕೊಂಡಿರಬೇಕು.

ಆ ಹೊತ್ತಿಗೆ ನಾನು ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಮೊದಲ ಏಳು ವರ್ಷ ಪುಣಜನೂರಿನ ಕಡೆ, ಆಮೇಲೆ ಚಾಮರಾಜನಗರ, ಕೊನೆಗೆ ಗುಂಡ್ಲುಪೇಟೆ. ಮನೆ ಚಾಮರಾಜನಗರದಲ್ಲೇ ಇದ್ದುದರಿಂದ ದಿನಾ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿಯುತ್ತಿದ್ದೆ. ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟವಾಗಿರಲಿಲ್ಲ. ಯಾರಾದರೂ ಎದ್ದು ಬಿಟ್ಟುಕೊಡುತ್ತಿದ್ದರು. ಬಿಟ್ಟುಕೊಟ್ಟವರು ಪಕ್ಕದಲ್ಲೇ ನಿಂತು ಕವರಿನಿಂದ ಮಾತ್ರೆ ಚೀಟಿ ತೆಗೆಯುತ್ತಿದ್ದರು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಬೆನ್ನ ಹಿಂದಿನಿಂದ ಬಂದು, “ಸಿಸ್ಟ್ರೆ, ನಮ್ಮವ್ವುಂಗೆ ರಾತ್ರಿಯೆಲ್ಲ ಉರಿ ಉರಿ ಅಂತದೆ” ಎನ್ನುತ್ತಿದ್ದರು. ರಜೆಗೆಂದು ಉಮ್ಮತ್ತೂರಿನ ತವರಿಗೆ ಹೋದರೆ ನಾನು ಕಾಲು ತೊಳೆಯುವುದರೊಳಗೆ ಜಗಲಿಯ ಮೇಲೆ ನಾಲ್ಕು ಜನ ಕೂತಿರುತ್ತಿದ್ದರು. ಒಬ್ಬರು ಪಟ್ಟಿ ಬಿಚ್ಚಿ ಕಾಲು ಚಾಚುತ್ತಿದ್ದರು. “ಒಸಿ ನೋಡ್ಬುಡಮ್ಮಿ. ನಿನ್ ಕೈ ಬಿದ್ರೆ ವಾಸಿಯಾಯ್ತದೆ.”

ಅದನ್ನು ಪ್ರೀತಿ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಆದರೆ ಪ್ರೀತಿಯಿಂದ ಚಾಚಿದ ಕಾಲೂ ಕಾಲೇ. ಕೊರೊನಾದ ವರ್ಷಗಳು ಕಳೆದ ಮೇಲೆ ನನ್ನೊಳಗೆ ಏನೋ ಒಣಗಿಹೋಗಿತ್ತು. ಡ್ರೆಸಿಂಗ್ ಕೋಣೆಯಲ್ಲಿ ಗಾಯ ನೋಡುತ್ತಿದ್ದೆ, ತೊಳೆಯುತ್ತಿದ್ದೆ, ಕಟ್ಟುತ್ತಿದ್ದೆ. ಆ ಗಾಯ ಯಾರ ಮೈಮೇಲಿತ್ತು ಎಂಬುದು ಸಂಜೆಗೆ ನೆನಪಿರುತ್ತಿರಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕೂತರೆ ಏಳಲು ಮನಸ್ಸಾಗುತ್ತಿರಲಿಲ್ಲ. ನಮ್ಮ ಯಜಮಾನರೇ ಅನ್ನಕ್ಕಿಟ್ಟು, ಏನೂ ಕೇಳದೆ ತಟ್ಟೆ ತಂದು ಮುಂದಿಡುತ್ತಿದ್ದರು.

ಅಂಥ ದಿನಗಳಲ್ಲೇ ಅಕ್ಕನ ಮಗಳಿಗೆ ಈ ಹುಚ್ಚು ಹಿಡಿದದ್ದು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ಅವಳು ಶ್ರೀಲಂಕಾದ ದಕ್ಷಿಣ ಕರಾವಳಿಯಲ್ಲಿ ಕಡಲಾಮೆಗಳನ್ನು ಉಳಿಸುವ ಕೇಂದ್ರವೊಂದನ್ನು ಹುಡುಕಿದ್ದಳು. ಮೂರು ವಾರ ಅಲ್ಲಿದ್ದು ಸಂಬಳವಿಲ್ಲದೆ ದುಡಿಯುವುದು. ಅಕ್ಕ ಒಪ್ಪಲಿಲ್ಲ. “ಇವ್ಳೊಬ್ಳೇ ಓಗದಾದ್ರೆ ಬ್ಯಾಡ್ವೇ ಬ್ಯಾಡ. ನೀನು ಜತೇಲಿದ್ರೆ ಕಳುಸ್ತೀನಿ ಕಣಮ್ಮಿ” ಎಂದು ನನಗೆ ಫೋನು ಮಾಡಿದಳು. ನಾನು ಬೈದು ಬೇಡವೆನ್ನುತ್ತೇನೆ ಎಂದುಕೊಂಡಿದ್ದ ಅಕ್ಕನಿಗೆ, ನಾನು “ಹೂಂ, ಓಯ್ತೀನಿ” ಎಂದದ್ದು ಕೇಳಿ ಗಾಬರಿಯಾಯಿತು. ಆಮೆಯ ಮೇಲಿನ ಅಕ್ಕರೆ ನನಗಿರಲಿಲ್ಲ. ಯಾರೂ ನನ್ನನ್ನು ಸಿಸ್ಟರ್ ಎಂದು ಕರೆಯದ ಒಂದು ಜಾಗ ಬೇಕಿತ್ತು, ಅಷ್ಟೆ.

ಸರ್ಕಾರಿ ನೌಕರರು ಹೊರದೇಶಕ್ಕೆ ಹೋಗಲು ಇಲಾಖೆಯ ಒಪ್ಪಿಗೆ ಬೇಕು. ನನ್ನ ಪತ್ರ ಓದಿದ ಗುಮಾಸ್ತರು ಕನ್ನಡಕ ಮೇಲೆತ್ತಿದರು. “ಆಮೆ ತೊಳ್ಯಕ್ಕೆ ಫಾರಿನ್‌ಗಾ ಸಿಸ್ಟ್ರೆ? ನಮ್ ಕೆರೇಲೇ ಅವಲ್ಲ.” ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಅವರು ಸಹಿ ಹಾಕಿಸಿಕೊಟ್ಟರು. ಪತ್ರ ಕೈಗೆ ಕೊಡುವಾಗ ದನಿ ತಗ್ಗಿಸಿ, ತಮ್ಮ ಮಂಡಿ ನೋವಿಗೆ ಏನು ಮಾಡಬಹುದು ಎಂದು ಕೇಳಿದರು.

*

ಆಮೆ ಕೇಂದ್ರವೆಂದರೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತ ತಗಡಿನ ಚಾವಣಿ, ಏಳು ಸಿಮೆಂಟು ತೊಟ್ಟಿ, ಬೇಲಿ ಹಾಕಿದ ಮರಳಿನ ಅಂಗಳ. ದಡದಲ್ಲಿ ಆಮೆಗಳು ಇಟ್ಟ ಮೊಟ್ಟೆಗಳನ್ನು ನಾಯಿ, ಮನುಷ್ಯರಿಂದ ತಪ್ಪಿಸಿ ತಂದು ಆ ಅಂಗಳದಲ್ಲಿ ಹೂಳುತ್ತಿದ್ದರು. ಮರಿಗಳು ಹೊರಬಂದ ದಿನ ಇಳಿಹೊತ್ತಿನಲ್ಲಿ ನೀರಿಗೆ ಬಿಡುತ್ತಿದ್ದರು. ತೊಟ್ಟಿಗಳಲ್ಲಿ ಇದ್ದವು ಪೆಟ್ಟಾದ ದೊಡ್ಡ ಆಮೆಗಳು. ಒಂದಕ್ಕೆ ಕಣ್ಣಿರಲಿಲ್ಲ. ಒಂದರ ಚಿಪ್ಪನ್ನು ದೋಣಿಯ ಯಂತ್ರ ಸೀಳಿತ್ತು. ನಮ್ಮ ಜೊತೆ ಯೂರೋಪಿನ ಕಡೆಯ ಐದು ಜನ ಹುಡುಗ ಹುಡುಗಿಯರಿದ್ದರು. ಉಸ್ತುವಾರಿ ಅಲ್ಲಿಯವರೇ ಆದ ಒಬ್ಬ ಮಿತಭಾಷಿ ಮನುಷ್ಯನದು.

ಬೆಳಿಗ್ಗೆ ಏಳಕ್ಕೆ ತೊಟ್ಟಿಯ ನೀರು ಬಿಡಬೇಕು. ಬ್ರಷ್ಷು ಹಿಡಿದು ಪಾಚಿ ಉಜ್ಜಬೇಕು. ಆಮೆಯ ಬೆನ್ನಿನ ಪಾಚಿಯನ್ನೂ ಮೆಲ್ಲಗೆ ತಿಕ್ಕಬೇಕು. ಪಂಪಿನಿಂದ ಕಡಲ ನೀರು ತುಂಬಿಸಿ, ಮೀನು ಕೊಚ್ಚಿ ಹಾಕಬೇಕು. ಮೊದಲ ದಿನವೇ ನನ್ನ ಸೊಂಟ ಹಿಡಿಯಿತು. ಆದರೂ ಅದು ನನಗೆ ಹಿತವೆನಿಸಿತು. ಆಮೆ ನೀರಿನ ಮೇಲೆ ತಲೆ ಎತ್ತಿ, ದೊಡ್ಡ ನಿಟ್ಟುಸಿರು ಬಿಟ್ಟು, ಮತ್ತೆ ಮುಳುಗುತ್ತಿತ್ತು. ಎಲ್ಲಿ ನೋಯುತ್ತದೆ ಎಂದು ಅದು ಹೇಳುತ್ತಿರಲಿಲ್ಲ. ಎಲ್ಲರೂ ನನ್ನನ್ನು ಅಮ್ಮಾ ಎಂದೋ ಆಂಟಿ ಎಂದೋ ಕರೆಯುತ್ತಿದ್ದರು. ಎರಡು ದಿನ ನಾನು ಮಧ್ಯಾಹ್ನ ಗಾಢ ನಿದ್ದೆ ಮಾಡಿದೆ.

ಅಡುಗೆ ಮಾಡುತ್ತಿದ್ದವರು ಅರವತ್ತರ ಹತ್ತಿರದ ತಮಿಳು ಹೆಂಗಸು. ಟೀ ತೋಟದ ಕಡೆಯವರು. ಅವರ ಅಜ್ಜಿಯ ಕಾಲದವರು ನಮ್ಮ ದೇಶದಿಂದಲೇ ಎಲೆ ಕೀಳಲು ಹೋದವರಂತೆ. ಸುತ್ತ ಎಲ್ಲರೂ ಸಿಂಹಳ ಆಡುವ ಆ ಊರಿನಲ್ಲಿ ಮನೆಮಾತು ಆಡಲು ಅವರಿಗೆ ಯಾರೂ ಇರಲಿಲ್ಲ. ಪುಣಜನೂರಿನ ಕಡೆ ಇದ್ದಾಗ ಸತ್ಯಮಂಗಲದಿಂದ ಬರುವವರ ಜೊತೆ ಆಡಿ ಆಡಿ ನಾನು ಕಲಿತ ತಮಿಳು ಕೇಳಿ ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. “ಇದೆಂಥ ತಮಿಳು ತಂಗಚ್ಚಿ?” ಎಂದರು. ತಂಗಚ್ಚಿ ಎಂದರೆ ತಂಗಿ. ನಾನು ಅವರನ್ನು ಅಕ್ಕಾ ಎಂದೆ. ಅಂದಿನಿಂದ ನನ್ನ ತಟ್ಟೆಗೆ ತೆಂಗಿನಕಾಯಿ ಚಟ್ನಿ ಒಂದು ಹಿಡಿ ಹೆಚ್ಚೇ ಬೀಳುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದೆ. ಅವರು ಎದ್ದು ಒಲೆಯ ಕಡೆ ಹೋದರು. ಎಡಗಾಲನ್ನು ಹಿಮ್ಮಡಿಯ ಮೇಲೆ ಇಟ್ಟು ನಡೆಯುತ್ತಿದ್ದರು. ಪಾದಕ್ಕೆ ಹಳೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿದ್ದರು. ನೀರು ತಾಗದಿರಲಿ ಎಂದು ಇರಬಹುದು. ಅವರು ನನ್ನ ಪಕ್ಕ ಹಾದುಹೋದಾಗ ಈರುಳ್ಳಿಯ ಘಾಟಿನ ನಡುವೆಯೂ ಆ ವಾಸನೆ ನನ್ನ ಮೂಗಿಗೆ ಬಂತು.

ಸಕ್ಕರೆ ಕಾಯಿಲೆಯವರ ಕಾಲು ಕೊಳೆಯಲು ಶುರುವಾದಾಗ ಬರುವ ವಾಸನೆ ಅದು. ಸಿಹಿ ಮತ್ತು ಹಳಸಲು ಬೆರೆತದ್ದು. ನಾನು ಅದನ್ನು ನಿದ್ದೆಯಲ್ಲೂ ಗುರುತು ಹಿಡಿಯಬಲ್ಲೆ.

“ಕಾಲಿಗೆ ಏನಾಯ್ತು ಅಕ್ಕಾ?” ಎಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

“ಒಣ್ಣುಮಿಲ್ಲೆ” ಎಂದರು ಅವರು. ಏನೂ ಇಲ್ಲ ಎಂದು. “ಕಲ್ಲು ತಾಗಿತು. ಅರಿಶಿನ ಹಚ್ಚಿದ್ದೇನೆ.”

ನಾನು ಈರುಳ್ಳಿ ಸುಲಿಯುವುದನ್ನು ಮುಂದುವರಿಸಿದೆ. ಅವರೇ ಏನೂ ಇಲ್ಲ ಎಂದರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನ್ನೊಳಗೆ ಆಗ ಇದ್ದದ್ದು ಒಂದೇ: ಇಲ್ಲಿಯೂ ಬಂತಲ್ಲ ಎಂಬ ಸಿಟ್ಟು. ಒಂದು ಕಾಲು ನನ್ನನ್ನು ಹುಡುಕಿಕೊಂಡು ಸಮುದ್ರ ದಾಟಿ ಬಂದ ಹಾಗೆ. ನೋಡಿದರೆ ಮುಗಿಯಿತು, ಮತ್ತೆ ನಾನು ಸಿಸ್ಟರ್ ಆಗುತ್ತೇನೆ ಎಂದು ಹೆದರಿದೆ. ಅವರ ಕಾಲಿನ ಕಡೆ ಮತ್ತೆ ನೋಡಲಿಲ್ಲ.

ಮರುದಿನ ಮೀನುಗಾರರು ಒಂದು ಆಮೆಯನ್ನು ಹೊತ್ತು ತಂದರು. ಹರಿದ ಬಲೆಯೊಂದು ಅದರ ಎಡ ಮುಂಗಾಲಿಗೆ ಸುತ್ತಿಕೊಂಡು ಮಾಂಸದೊಳಗೆ ಇಳಿದಿತ್ತು. ವಾರಕ್ಕೆರಡು ಸಲ ಬರುತ್ತಿದ್ದ ಪಶುವೈದ್ಯೆಯನ್ನು ಕೂಡಲೇ ಕರೆಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ದಾರಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುವಾಗ ಯಾರಾದರೂ ಆ ಕಾಲು ಹಿಡಿಯಿರಿ ಎಂದರು. ಹುಡುಗ ಹುಡುಗಿಯರು ಹಿಂಜರಿದರು. ನಾನು ಹಿಡಿದೆ. ಅಯೋಡಿನ್ ಸುರಿದು ಒರೆಸುವಾಗ, ಮುಲಾಮು ಹಚ್ಚುವಾಗ, ನನ್ನ ಕೈ ಅವರು ಕೇಳುವ ಮೊದಲೇ ಹತ್ತಿಯನ್ನೂ ಕತ್ತರಿಯನ್ನೂ ಎತ್ತಿ ಕೊಡುತ್ತಿತ್ತು.

“ನಿಮ್ಮ ಕೈಗೆ ಇದು ಹೊಸದಲ್ಲ” ಎಂದರು ಅವರು.

“ಮನೆಯಲ್ಲಿ ದನಗಳಿದ್ದವು” ಎಂದೆ.

ಅಕ್ಕನ ಮಗಳು ನೆಲ ನೋಡಿದಳು.

ಮದ್ದು ಹಿಡಿಯಲಿ ಎಂದು ಆ ಆಮೆಯನ್ನು ದಿನದ ಬಹುಪಾಲು ನೀರಿಲ್ಲದ ತೊಟ್ಟಿಯಲ್ಲಿ ಮಲಗಿಸಿ, ಚಿಪ್ಪಿನ ಮೇಲೆ ಒದ್ದೆ ಟವೆಲು ಹೊದಿಸುತ್ತಿದ್ದರು. ಗಾಯ ತೊಳೆಯುವ ಕೆಲಸ ನನಗೇ ಬಂತು. ಬೆಳಿಗ್ಗೆ ಮತ್ತು ಸಂಜೆ ಅದರ ಪಕ್ಕ ಮಂಡಿಯೂರಿ ಕೂರುತ್ತಿದ್ದೆ. ಹುಡುಗರು ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಒಬ್ಬಳು ಅದಕ್ಕೆ ಹೆಸರಿಟ್ಟಳು, ಇನ್ನೊಬ್ಬಳು ಅದರ ಕಣ್ಣಿನಿಂದ ನೀರಿಳಿಯುವುದು ಕಂಡು ಅತ್ತಳು. ಕಡಲಾಮೆಗಳ ಕಣ್ಣಿನಿಂದ ಉಪ್ಪುನೀರು ಸುಮ್ಮನೆ ಇಳಿಯುತ್ತದೆ, ಅದು ಅಳುವಲ್ಲ ಎಂದು ಅಕ್ಕನ ಮಗಳು ತಿಳಿಸಿ ಹೇಳಿದಳು. ಆ ಹೊತ್ತಿಗೆ ಸರಿಯಾಗಿ ಅಡುಗೆಯ ಅಕ್ಕ ಹಿಮ್ಮಡಿ ಊರಿಕೊಂಡು ಬಂದು ಎಲ್ಲರಿಗೂ ಟೀ ಕೊಟ್ಟು ಹೋಗುತ್ತಿದ್ದರು. ಲೋಟ ತೆಗೆದುಕೊಳ್ಳುವಾಗ ನಾನು ಅವರ ಕೈ ಮಾತ್ರ ನೋಡುತ್ತಿದ್ದೆ.

ಆರನೆಯ ದಿನ ಬಟ್ಟೆ ಒಣಹಾಕುವಾಗ ಅಕ್ಕನ ಮಗಳು ಕೇಳಿದಳು. “ಚಿಕ್ಕವ್ವ, ಅಡುಗೆಯವ್ರು ಕುಂಟ್ತಾ ಅವ್ರೆ. ನೋಡುದ್ರಾ?”

“ಇಲ್ವಲ್ಲ” ಎಂದೆ.

“ಕಾಲು ಊದಿರಂಗದೆ.”

“ವಯಸ್ಸಾದವ್ರು. ನಿಂತು ನಿಂತು ಊದ್ಕೊಂಡಿರ್ತದೆ ಬುಡು.”

ಅವಳು ನನ್ನನ್ನು ನಂಬಿದಳು. ಇಪ್ಪತ್ತಾರು ವರ್ಷ ನರ್ಸ್ ಆಗಿದ್ದವಳ ಮಾತಲ್ಲವೇ.

ಎಂಟನೆಯ ದಿನ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವರು ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಆ ಬಿಸಿಲಿನಲ್ಲೂ ಹಲ್ಲು ಕಟಕಟ ಎನ್ನುತ್ತಿತ್ತು. ಮೈ ಮುಟ್ಟಿದರೆ ಕೆಂಡ. ಸಾರು ನೆಲದ ಮೇಲೆಲ್ಲ ಹರಿದಿತ್ತು. “ಅನ್ನ ಆಗಿದೆ ತಂಗಚ್ಚಿ, ಬಡಿಸಿಬಿಡು” ಎಂದರು. ನಾನು ಅವರ ಮುಂದೆ ಕೂತು ಕವರು ಹರಿದೆ, ಬಟ್ಟೆ ಬಿಚ್ಚಿದೆ. ಅವರು ಬೇಡ ಬೇಡ ಎಂದು ಕಾಲೆಳೆದುಕೊಂಡರು. ನಾನು ಬಿಡಲಿಲ್ಲ. ಎರಡು ಬೆರಳು ಕಪ್ಪಾಗಿದ್ದವು. ಕೆಂಪು ಬಣ್ಣ ಪಾದವನ್ನು ದಾಟಿ ಹರಡಿನ ಗಂಟಿನವರೆಗೆ ಏರಿತ್ತು.

ಬಾಗಿಲಲ್ಲಿ ಬಂದು ನಿಂತ ಉಸ್ತುವಾರಿಯವರಿಗೆ, “ಗಾಡಿ ಬೇಕು, ಈಗಲೇ, ಆಸ್ಪತ್ರೆಗೆ” ಎಂದೆ. ಅವರು ಸಂಜೆ ನೋಡೋಣವೇ ಎಂದು ಏನೋ ಹೇಳಲು ಹೋದರು. “ನಾನು ನರ್ಸ್. ಸಂಜೆಗೆ ತಡವಾಗುತ್ತದೆ” ಎಂದೆ. ಅವರು ಓಡಿದರು.

ಆಟೋದಲ್ಲಿ ಅಡುಗೆಯ ಅಕ್ಕನ ತಲೆ ನನ್ನ ಭುಜದ ಮೇಲಿತ್ತು. ಕಾಲನ್ನು ಅಕ್ಕನ ಮಗಳು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಅದು ದೊಡ್ಡ ಸರ್ಕಾರಿ ಆಸ್ಪತ್ರೆ. ನೋಡಿದ ಡಾಕ್ಟರು ತಡಮಾಡಲಿಲ್ಲ. ಎರಡು ದಿನ ಔಷಧಿ ಏರಿಸಿ, ಮೂರನೆಯ ದಿನ ಆ ಎರಡು ಬೆರಳುಗಳನ್ನು ತೆಗೆದರು. ಪಾದ ಉಳಿಯಿತು. ವಾರ್ಡಿನಲ್ಲಿ ಕಣ್ಣು ಬಿಟ್ಟ ಅಡುಗೆಯ ಅಕ್ಕ ನನ್ನ ಕಡೆ ತಿರುಗಿದರು.

“ನೀನು ನರ್ಸಂತೆ?”

“ಹೌದು ಅಕ್ಕಾ.”

“ಎಷ್ಟು ವರ್ಷದಿಂದ?”

ಹೇಳಿದೆ.

“ಅಯ್ಯೋ, ಮೊದಲೇ ಹೇಳಬಾರದಿತ್ತೇ? ನಿನಗೆ ತೋರಿಸುತ್ತಿದ್ದೆನಲ್ಲ. ಸಿಂಹಳ ಡಾಕ್ಟರಿಗೆ ಹೇಗೆ ಹೇಳುವುದು ಎಂದೇ ಸುಮ್ಮನಿದ್ದೆ.”

ಅದರಲ್ಲಿ ದೂರು ಇರಲಿಲ್ಲ. ಹಾಗೆ ಹೇಳಿ ನನ್ನ ಕೈ ಸವರಿದರು. ನಾನು ನೀರು ತರುತ್ತೇನೆ ಎಂದು ಹೊರಗೆ ಬಂದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕನ ಮಗಳು ಕೂತಿದ್ದಳು. ನಾನೂ ಕೂತೆ.

“ಚಿಕ್ಕವ್ವ, ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನಾನ್ ಕೇಳ್ದಾಗ್ಲೇ?”

“ಅದ್ಕೂ ಮುಂಚೆ. ಮೂರ್ನೇ ದಿನ.”

ಬೈಯಲಿ ಎಂದು ಕಾದೆ. ಎದುರಿನ ರಸ್ತೆಯಲ್ಲಿ ಬಸ್ಸೊಂದು ನಿಂತು ಜನರನ್ನು ಇಳಿಸಿ ಹೋಯಿತು.

“ಅಷ್ಟೊಂದ್ ಸುಸ್ತಾಗಿತ್ತಾ?” ಎಂದು ಕೊನೆಗೆ ಕೇಳಿದಳು.

ಹೌದೆಂದು ತಲೆಯಾಡಿಸಿದೆ. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕೇಳಿದಾಗ ಹೇಳಿಕೊಳ್ಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಮೂರನೆಯ ದಿನವೇ ಕರೆದುಕೊಂಡು ಬಂದಿದ್ದರೆ ಬೆರಳು ಉಳಿಯುತ್ತಿದ್ದವೋ ಇಲ್ಲವೋ, ನನಗೆ ಗೊತ್ತಿಲ್ಲ. ಒಂದಾದರೂ ಉಳಿಯುತ್ತಿತ್ತೋ ಏನೋ. ಆ ಡಾಕ್ಟರನ್ನು ಕೇಳಬಹುದಿತ್ತು. ನಾಲ್ಕು ಸಲ ಎದುರಿಗೆ ಸಿಕ್ಕಿದರು. ನಾನು ಕೇಳಲಿಲ್ಲ.

ಉಳಿದ ದಿನಗಳಲ್ಲಿ ನಾನು ಅಡುಗೆಮನೆ ವಹಿಸಿಕೊಂಡೆ. ಬೆಳಿಗ್ಗೆ ಬೇಗ ಎದ್ದು ಎಲ್ಲರಿಗೂ ಅನ್ನ ಬೇಳೆ ಮಾಡಿಟ್ಟು, ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆ. ಗಾಯ ತೊಳೆಯಲು ಅಲ್ಲಿಯ ನರ್ಸ್‌ಗಳಿದ್ದರು. ಒಬ್ಬರಿಗೆ ನಲವತ್ತು ಮಂಚ. ಅವರ ಕಣ್ಣ ಕೆಳಗಿನ ಕಪ್ಪು ನೋಡಿ ನಾನೇ ಟ್ರೇ ತೆಗೆದುಕೊಂಡೆ. ಅವರು ಬೇಡ ಎನ್ನಲಿಲ್ಲ. ಆಮೆಯ ಗಾಯವನ್ನು ಅಕ್ಕನ ಮಗಳು ನೋಡಿಕೊಂಡಳು. ನಾವು ಹೊರಡುವಾಗ ಅದು ಇನ್ನೂ ತೊಟ್ಟಿಯಲ್ಲೇ ಇತ್ತು.

ಹೊರಡುವ ಹಿಂದಿನ ದಿನ ಅಡುಗೆಯ ಅಕ್ಕನಿಗೆ ಹೇಳಿಬಿಟ್ಟೆ. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಕಿತ್ತಲೆ ಸುಲಿಯುತ್ತಿದ್ದೆ. “ಅಕ್ಕಾ, ಈರುಳ್ಳಿ ಸುಲಿಯುತ್ತಿದ್ದೆವಲ್ಲ, ಆ ದಿನವೇ ನನಗೆ ವಾಸನೆ ಗೊತ್ತಾಗಿತ್ತು. ಗೊತ್ತಾಗಿಯೂ ನೋಡಲಿಲ್ಲ.”

ಅವರ ಮುಖ ಗೋಡೆಯ ಕಡೆ ತಿರುಗಿತು. ಕಿತ್ತಲೆಯ ತೊಳೆ ನನ್ನ ಕೈಯಲ್ಲೇ ಉಳಿಯಿತು. ಗೋಡೆಗೇ ಹೇಳುವಂತೆ ಹೇಳಿದರು. “ನನಗೂ ಗೊತ್ತಿತ್ತು. ಒಂದು ತಿಂಗಳಿಂದ. ಕೆಲಸ ಬಿಡಿಸಿ ಮನೆಗೆ ಕಳಿಸಿಬಿಡುತ್ತಾರೆ ಎಂದು ಮುಚ್ಚಿಕೊಂಡೆ.” ಆಮೇಲೆ ಕೈ ಚಾಚಿ ತೊಳೆ ತೆಗೆದುಕೊಂಡರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಮುಚ್ಚಿಟ್ಟರು ಎಂಬುದರಿಂದ ನನ್ನ ಪಾಲು ಕಡಿಮೆಯಾಗಲಿಲ್ಲ.

*

ವಾಪಸು ಬಂದ ನಾಲ್ಕನೆಯ ದಿನ ಕೆಲಸಕ್ಕೆ ಹಾಜರಾದೆ. ಗುಂಡ್ಲುಪೇಟೆಯ ಸುತ್ತ ಚೆಂಡುಹೂವು ಅರಳಿದ್ದವು. ಕೇರಳದ ಕಾರುಗಳು ಹೊಲದ ಬದಿಗೆ ನಿಂತಿದ್ದವು, ಜನ ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಡ್ರೆಸಿಂಗ್ ಕೋಣೆಯ ಬೆಂಚಿನ ಮೇಲೆ ಒಂಬತ್ತು ಜನರಿದ್ದರು. ಮೊದಲಿನವರು ಹೂ ಕೀಳುವ ಕೆಲಸದ ಒಬ್ಬ ಗಂಡಸು.

“ಇಷ್ಟ್ ದಿನ ಎಲ್ಲೋಗಿದ್ರಿ ಸಿಸ್ಟ್ರೆ? ಆಮೆ ಸಾಕಕ್ಕೆ ಓಗಿದ್ರಂತೆ?”

“ಓಗಿದ್ದೆ ಕಣಪ್ಪ. ಕಾಲು ತೋರ್ಸು.”

ಅಲ್ಲಿಂದ ಬಂದ ಮೇಲೆ ನಾನು ಬೇರೆಯೇ ಮನುಷ್ಯಳಾದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಯಾಸ ಹಾಗೇ ಇದೆ. ಬೆಂಚಿನ ಮೇಲಿನ ಐದನೆಯವರ ಹೊತ್ತಿಗೆ ನನ್ನ ದನಿ ಈಗಲೂ ಒರಟಾಗುತ್ತದೆ. ಒಂದು ಮಾತ್ರ ಮಾಡಿದೆ. ಡ್ರೆಸಿಂಗ್ ಕೋಣೆಯಿಂದ ಆರು ತಿಂಗಳು ಬೇರೆ ಕಡೆ ಹಾಕಿ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಿದೆ. ಹಿಂದೆ ಎಂದೂ ಕೇಳಿದವಳಲ್ಲ. ಅವರು ಆಶ್ಚರ್ಯಪಟ್ಟು, ಮೂರು ತಿಂಗಳು ಲಸಿಕೆಯ ಕಡೆ ಹಾಕಿದರು. ಅಲ್ಲಿ ಮಕ್ಕಳು ಅಳುತ್ತವೆ, ತಾಯಂದಿರು ಬೈಯುತ್ತಾರೆ. ಆದರೂ ಆ ಮೂರು ತಿಂಗಳು ಸಂಜೆ ಮನೆಗೆ ಬಂದು ನಾನೇ ಅನ್ನಕ್ಕಿಟ್ಟೆ.

ಅಡುಗೆಯ ಅಕ್ಕ ಕೇಂದ್ರಕ್ಕೆ ಮರಳಲಿಲ್ಲ. ಟೀ ತೋಟದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲವಂತೆ. ಯಾವಾಗಲಾದರೂ ಭಾನುವಾರ ವಾಟ್ಸಾಪಿನಲ್ಲಿ ಕರೆ ಮಾಡುತ್ತಾರೆ. ನಾನು ಮೊದಲು ಕಾಲು ತೋರಿಸಿ ಎನ್ನುತ್ತೇನೆ. ಅವರು ಮೊಮ್ಮಗಳಿಗೆ ಫೋನು ಕೊಟ್ಟು ಪಾದ ತೋರಿಸುತ್ತಾರೆ. ಬೆರಳ ಸಂದು ಒಣಗಿದೆಯೇ, ಹೊಸ ಗುಳ್ಳೆ ಎದ್ದಿದೆಯೇ ಎಂದು ನೋಡುತ್ತೇನೆ. ಒಂದೊಂದು ಭಾನುವಾರ ಫೋನು ರಿಂಗಾದಾಗ ಎತ್ತಲು ಬೇಸರವೂ ಆಗುತ್ತದೆ, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಎತ್ತುತ್ತೇನೆ. ಕಾಲು ನೋಡಿ ಮುಗಿದ ಮೇಲೆ ಅವರು ಇವತ್ತು ಏನು ಸಾರು ಎಂದು ಕೇಳುತ್ತಾರೆ. ಹುರುಳಿಕಾಳಿನದು ಎಂದರೆ, ಹೇಗೆ ಮಾಡುತ್ತೀ ಹೇಳು ಎಂದು ಕೂರುತ್ತಾರೆ.